ಒದ್ದೆ ಕಲ್ಲಿನ ಹಕ್ಕು

ಜರ್ಮನಿಯ ಡ್ರೆಸ್ಡೆನ್‌ನಿಂದ ಎಲ್ಬೆ ನದಿಯ ಗುಂಟ ಸಾಗಿದರೆ ಸ್ಯಾಕ್ಸನ್ ಸ್ವಿಟ್ಜರ್‌ಲೆಂಡ್ ಎಂಬ ಸೀಮೆ. ಹೆಸರಷ್ಟೇ ಸ್ವಿಟ್ಜರ್‌ಲೆಂಡ್, ಅಲ್ಲಿರುವುದು ಹಿಮಪರ್ವತವಲ್ಲ, ಸಾವಿರಕ್ಕೂ ಹೆಚ್ಚು ಮರಳುಗಲ್ಲಿನ ಒಂಟಿ ಬಂಡೆಗಳು. 1864ರಲ್ಲಿ ಬಾಟ್ ಶಾಂಡೌ ಊರಿನ ವ್ಯಾಯಾಮಪಟುಗಳು ಫಾಲ್ಕನ್‌ಸ್ಟೈನ್ ಬಂಡೆ ಹತ್ತಿದರು. ಮುಂದೆ ಅಲ್ಲಿನ ಶಿಲಾರೋಹಣಕ್ಕೆ ಮಡಿ-ಮೈಲಿಗೆಯಷ್ಟೇ ಕಟ್ಟುನಿಟ್ಟಿನ ಕಟ್ಟಳೆಗಳು ಬೆಳೆದವು. ಬಿರುಕಿಗೆ ಲೋಹದ ಸಾಧನ ಸಿಕ್ಕಿಸುವಂತಿಲ್ಲ, ಹಗ್ಗದ ಗಂಟನ್ನೇ ತುರುಕಬೇಕು. ಅಂಗೈಗೆ ಮೆಗ್ನೀಷಿಯಾ ಪುಡಿ ಹಚ್ಚುವಂತಿಲ್ಲ. ಕಲ್ಲು ಒದ್ದೆಯಿದ್ದರೆ ಹತ್ತುವಂತೆಯೇ ಇಲ್ಲ.

ಈ ಕೊನೆಯ ಕಟ್ಟಳೆಗೆ ನಿಜವಾದ ಪರೀಕ್ಷೆ ಚಳಿಗಾಲ.

ಮರಳಿನ ಕಣಗಳನ್ನು ಸಿಲಿಕಾ, ಜೇಡಿಯಂಥ ಅಂಟು ಹಿಡಿದಿಟ್ಟರೆ ಮರಳುಗಲ್ಲು. ನೀರು ಹೊಕ್ಕರೆ ಅದರ ಬಲ ಕುಗ್ಗುತ್ತದೆ. ಹೆಪ್ಪುಗಟ್ಟಿದರೆ ನೀರು ಸುಮಾರು ಶೇ. 9ರಷ್ಟು ಹಿಗ್ಗಿ ಕಣಗಳನ್ನು ಒಳಗಿನಿಂದಲೇ ದೂಡುತ್ತದೆ. ಇತ್ತ ಚಳಿಯಲ್ಲಿ ಬೆರಳು ಬೆವರದು, ಹಿಡಿತ ಬೇಸಿಗೆಗಿಂತ ಚೆನ್ನ. ಬಿಸಿಲು ಮಾತ್ರ ಅರೆಬರೆ. ಮೇಲ್ಮೈ ಒಣಗಿ ಕಂಡರೂ ಒಡಲು ಒದ್ದೆಯೇ ಇರಬಹುದು. ಆಸೆ ಹುಟ್ಟಿಸುವ ಕಾಲವೇ ಕಲ್ಲಿಗೆ ಕೇಡುಗಾಲ.

ಅಂಥ ದಿನ ಹತ್ತದೆ ಮನೆಗೆ ಮರಳಿದವನು ಉಳಿಸಿದ್ದು ಕಲ್ಲನ್ನೋ, ತನ್ನ ಪ್ರಾಣವನ್ನೋ? 1785ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಒಬ್ಬ ಅಂಗಡಿಯವನ ಉದಾಹರಣೆ ಕೊಟ್ಟ. ಗಿರಾಕಿಗೆ ಮೋಸ ಮಾಡದ ಅವನದು ಧರ್ಮಬುದ್ಧಿಯೋ, ವ್ಯಾಪಾರದ ಜಾಣತನವೋ, ಹೊರಗಿನವರಿಗೆ ತಿಳಿಯದು. ಒದ್ದೆ ಕಲ್ಲಿನ ಕಟ್ಟಳೆಯೂ ಹೀಗೆಯೇ. ಗಂಟಿನ ಕಟ್ಟಳೆ ಹಾಗಲ್ಲ. ಲೋಹ ಕೊಡುವಷ್ಟು ಭರವಸೆಯನ್ನು ಗಂಟು ಎಲ್ಲೆಡೆಯೂ ಕೊಡದು. ಕಲ್ಲು ಸವೆಯದಿರಲೆಂದು ಮನುಷ್ಯ ತನ್ನ ಅಪಾಯವನ್ನೇ ಹೆಚ್ಚಿಸಿಕೊಳ್ಳುತ್ತಾನೆ.

ಜಡವಸ್ತುವಿಗೆ ಇಷ್ಟು ಹಕ್ಕು ಎಲ್ಲಿಂದ ಬಂತು? ಕಾಂಟ್ ಒಪ್ಪುವುದಿಲ್ಲ, ನಿಸರ್ಗದ ಚೆಲುವನ್ನು ಸುಮ್ಮನೆ ಕೆಡಿಸುವುದು ಅವನ ಪ್ರಕಾರ ಮನುಷ್ಯ ತನಗೆ ತಾನೇ ಮಾಡಿಕೊಳ್ಳುವ ಅಪಚಾರ, ಕಲ್ಲಿಗಲ್ಲ. ಜೈನರದು ನೇರ ಮಾತು: ಮಣ್ಣು-ಕಲ್ಲುಗಳಲ್ಲಿ ಪೃಥ್ವೀಕಾಯಿಕ ಜೀವಗಳಿವೆ, ಅವುಗಳಿಗೆ ಸ್ಪರ್ಶವೊಂದೇ ಇಂದ್ರಿಯ. ಹಾಗಿದ್ದೂ ಬಾದಾಮಿಯ ನಾಲ್ಕನೆಯ ಗುಹೆ, ಜೈನ ಬಸದಿ, ಮರಳುಗಲ್ಲನ್ನು ಕೊರೆದೇ ಆದದ್ದು! ಇದರಲ್ಲಿ ವಿರೋಧ ಕಾಣುವುದು ಅವಸರ. ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ಹೇಳಿದ ವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು ಅದರಲ್ಲಿ ವರ್ಜ್ಯ. ಗೃಹಸ್ಥನಿಗೆ ಎಲ್ಲ ಹಿಂಸೆಯನ್ನೂ ಬಿಡಲಾಗದು, ವೃಥಾ ಹಿಂಸೆಯನ್ನಾದರೂ ಬಿಡಬೇಕು.

ಈ ಅಳತೆಗೋಲು ಕಾಂಟ್‌ನದಕ್ಕಿಂತ ಆರೋಹಿಗೆ ಹೆಚ್ಚು ಹೊಂದುತ್ತದೆ. ಕಟ್ಟುವವನಿಗೆ ಕಲ್ಲು ಬೇಕು, ಉಳುವವನಿಗೆ ನೆಲ ಬೇಕು. ಬಂಡೆ ಹತ್ತಲೇಬೇಕಾದ ದರ್ದು ಯಾರಿಗೂ ಇಲ್ಲ. ಮಳೆ-ಮಂಜು ಹೇಗೂ ಕಲ್ಲನ್ನು ತಿನ್ನುತ್ತವಲ್ಲ ಎಂಬ ವಾದವೂ ನಿಲ್ಲದು, ಏಕೆಂದರೆ ಮಂಜಿಗೆ ನಾಳೆಯವರೆಗೆ ಕಾಯುವ ಆಯ್ಕೆಯಿಲ್ಲ. ಬಾದಾಮಿಗೆ ಚಳಿಗಾಲದಲ್ಲಿ ಹಗ್ಗ ಹೊತ್ತು ಬರುವವರೂ ಇದನ್ನು ಯೋಚಿಸಬೇಕು.

ಎಲ್ಬೆ ಸೀಮೆಯ ಬಾರ್ಬರೀನ್ ಎಂಬ 40 ಮೀಟರಿಗೂ ಎತ್ತರದ ಬಂಡೆಯನ್ನು 1905ರಲ್ಲಿ ರುಡಾಲ್ಫ್ ಫೇರ್‌ಮನ್, ಆಲಿವರ್ ಪೆರಿ-ಸ್ಮಿತ್ ಮೊದಲ ಬಾರಿಗೆ ಹತ್ತಿದರು. ಅದು ತೀರ ಸವೆದಿದೆಯೆಂದು 1975ರಿಂದ ಯಾವ ಋತುವಿನಲ್ಲೂ ಹತ್ತಲು ಬಿಡುತ್ತಿಲ್ಲ.