ಹಳೆಯ ಧ್ವನಿಯಂತ್ರದ ಮೋಟಾರು: ಒಂದು ಪ್ರಮಾಣವಿಚಾರ

ವಿಷಯ ಇದು: ಪೆಟ್ಟಿಗೆಯಿಂದ ಬೇರ್ಪಟ್ಟ ಹಳೆಯ ಮೋಟಾರೊಂದು ಕೈಗೆ ಬಂದಿದೆ. ಅದು ಗ್ರಾಮಫೋನಿನದೋ, ಸಿಲಿಂಡರ್ ಫೋನೋಗ್ರಾಫಿನದೋ, ಮೊದಮೊದಲ ಟಾಕಿಗಳ ಯಂತ್ರದ್ದೋ ಎಂಬುದು ಸಂಶಯ. ನಿರ್ಣಯಕ್ಕೆ ಯಾವ ಪ್ರಮಾಣ ಬಲವಾದದ್ದು? ವೇದವಾಕ್ಯಗಳ ಅರ್ಥ ನಿರ್ಣಯಿಸುವ ಜೈಮಿನಿಯ ಮೀಮಾಂಸಾಶಾಸ್ತ್ರದಲ್ಲಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರರಲ್ಲಿ ಒಂದಕ್ಕಿಂತ ಅದರ ಮುಂದಿನದು ದುರ್ಬಲ. ಲಿಂಗವೆಂದರೆ ಸಾಮರ್ಥ್ಯ, ಅದಕ್ಕೆ ಎರಡನೆಯ ಸ್ಥಾನ. ಸಮಾಖ್ಯೆಯೆಂದರೆ ಹೆಸರು, ಅದು ಕಟ್ಟಕಡೆಗೆ. ಯಂತ್ರದ ವಿಷಯದಲ್ಲೂ ನನ್ನ ಸಿದ್ಧಾಂತ ಇದೇ. ಮೋಟಾರನ್ನು ಅದು ಮಾಡಬಲ್ಲ ಕೆಲಸದಿಂದ ಗುರುತಿಸಬೇಕು, ಮೇಲೆ ಬಡಿದ ಹೆಸರಿನಿಂದಲ್ಲ.

ಪೂರ್ವಪಕ್ಷಿ ಕೇಳುತ್ತಾನೆ: ಹಿತ್ತಾಳೆ ಫಲಕದಲ್ಲಿ ಕಂಪನಿಯ ಹೆಸರೇ ಇರುವಾಗ ಇಷ್ಟು ತರ್ಕವೇಕೆ? ಏಕೆಂದರೆ ಪೆಟ್ಟಿಗೆ ಮಾಡಿದವರೇ ಮೋಟಾರನ್ನೂ ಮಾಡಿರಬೇಕೆಂದಿಲ್ಲ. 1896ರಲ್ಲಿ ಬರ್ಲಿನರ್ ಗ್ರಾಮಫೋನಿಗೆ ಸ್ಪ್ರಿಂಗ್ ಮೋಟಾರು ಮಾಡಿಕೊಟ್ಟವನು ಕ್ಯಾಮ್ಡೆನ್ನಿನ ಎಲ್ಡ್ರಿಜ್ ಜಾನ್ಸನ್. ಇಂಗ್ಲೆಂಡಿನ ಗ್ಯಾರಾರ್ಡ್, ಸ್ವಿಟ್ಜರ್ಲೆಂಡಿನ ಥೋರೆನ್ಸ್ ಮತ್ತು ಪೈಲಾರ್ಡ್ ಮೋಟಾರುಗಳು ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳೊಳಗೆ ಕೂತವು. ನಮ್ಮ ದೇಶದಲ್ಲಂತೂ ಪ್ರವಾಸಿಗಳಿಗೆ ಮಾರಲೆಂದೇ ಹೊಳೆಯುವ ಹಿತ್ತಾಳೆ ಕಹಳೆಯ, ನಾಯಿಯ ಚಿತ್ರದ ಗ್ರಾಮಫೋನುಗಳು ತಯಾರಾಗುತ್ತವೆ. ಎಷ್ಟೋ ಸಲ ಒಳಗಿರುವುದು ಹಳೆಯ ಪೋರ್ಟಬಲ್ ಒಂದರಿಂದ ಕಿತ್ತ ಮೋಟಾರು. ಅಲ್ಲಿ ಪೆಟ್ಟಿಗೆ ಹೊಸದು, ಮೋಟಾರು ನಿಜವಾದದ್ದು, ಫಲಕ ಸುಳ್ಳು. ಹೆಸರನ್ನೇ ನಂಬಿದವನು ಒಂದೋ ಎಲ್ಲವನ್ನೂ ಕೊಳ್ಳುತ್ತಾನೆ, ಇಲ್ಲವೇ ಒಳ್ಳೆಯ ಮೋಟಾರನ್ನೂ ಎಸೆಯುತ್ತಾನೆ.

ಹಾಗಾದರೆ ಸಾಮರ್ಥ್ಯವೆಂದರೇನು? ಎಷ್ಟು ವೇಗದಲ್ಲಿ, ಏನನ್ನು, ಯಾವುದರ ಜೊತೆಗೆ ತಿರುಗಿಸಬೇಕಿತ್ತು ಎಂಬುದು. 1902ರ ನಂತರದ ಎಡಿಸನ್ ಸಿಲಿಂಡರಿಗೆ ನಿಮಿಷಕ್ಕೆ 160 ಸುತ್ತು ಬೇಕು, ಅರಗಿನ ರೆಕಾರ್ಡಿಗೆ 78ರ ಆಸುಪಾಸು. 1926ರ ಆಗಸ್ಟ್ 6ರಂದು ನ್ಯೂಯಾರ್ಕಿನಲ್ಲಿ ‘ಡಾನ್ ಹ್ವಾನ್’ ಚಿತ್ರದೊಂದಿಗೆ ಬಂದ ವೈಟಾಫೋನ್ ತಟ್ಟೆಗೆ ಸಾಕಾದದ್ದು 33⅓. ಈ ಸಂಖ್ಯೆಯ ಹಿಂದೆ ಸಿನಿಮಾದ ರೀಲು ಇದೆ. ಸೆಕೆಂಡಿಗೆ 24 ಚೌಕಟ್ಟು ಓಡಿದರೆ ನಿಮಿಷಕ್ಕೆ 90 ಅಡಿ ಫಿಲ್ಮು, ಸಾವಿರ ಅಡಿಯ ರೀಲಿಗೆ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ಒಂದೇ ತಟ್ಟೆ ಹಾಡಬೇಕಾದ್ದರಿಂದ ಅದನ್ನು 16 ಇಂಚು ಅಗಲ ಮಾಡಿ, ವೇಗ ಇಳಿಸಿ, ಮುಳ್ಳನ್ನು ಒಳಗಿನಿಂದ ಹೊರಕ್ಕೆ ಓಡಿಸಿದರು.

ಇಲ್ಲಿ ಎಲ್ಲಕ್ಕಿಂತ ಬಲವಾದ ಆಕ್ಷೇಪ ಏಳುತ್ತದೆ. ಗವರ್ನರಿನ ತಿರುಪು ತಿರುಗಿಸಿದರೆ ವೇಗ ಬದಲಾಗುತ್ತದೆ; ಬದಲಾಗುವ ಗುಣ ಗುರುತಾಗುವುದು ಹೇಗೆ? ಉತ್ತರ ಗವರ್ನರಿನ ಒಳಗೇ ಇದೆ. ಕಡ್ಡಿಯೊಂದರ ಸುತ್ತ ತೆಳುವಾದ ಪಟ್ಟಿ ಸ್ಪ್ರಿಂಗುಗಳು, ಪ್ರತಿಯೊಂದರ ನಡುವೆ ಒಂದು ತೂಕದ ಗುಂಡು. ಕಡ್ಡಿ ತಿರುಗಿದಂತೆ ಗುಂಡುಗಳು ಹೊರಕ್ಕೆ ಚಿಮ್ಮಿ ಸಣ್ಣ ಬಿಲ್ಲೆಯನ್ನು ಎಳೆಯುತ್ತವೆ. ಬಿಲ್ಲೆ ಮೆತ್ತೆಗೆ ಉಜ್ಜಿ ವೇಗ ತಡೆಯುತ್ತದೆ. ಗುಂಡು ಚಿಮ್ಮುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 78ಕ್ಕೆ ಕಟ್ಟಿದ ಮೋಟಾರನ್ನು 33⅓ಕ್ಕೆ ಇಳಿಸಿದರೆ ಆ ಬಲದಲ್ಲಿ ಐದನೆಯ ಒಂದು ಪಾಲೂ ಉಳಿಯದು, ತಟ್ಟೆ ಓಲಾಡುತ್ತದೆ. ತಿರುಪಿನಿಂದ 74ನ್ನು 82 ಮಾಡಬಹುದು, ಜಾತಿಯನ್ನು ಬದಲಿಸಲಾಗದು. ಪರೀಕ್ಷೆಯೂ ಸುಲಭ. ಸ್ವಲ್ಪ ಕೀಲಿ ಕೊಟ್ಟು, ಟರ್ನ್‌ಟೇಬಲನ್ನು ಕೈಯಲ್ಲಿ ತಡೆದು ಒಂದೇ ಸುತ್ತು ಬಿಡಿ, ಗವರ್ನರ್ ಎಷ್ಟು ಸುತ್ತಿತೆಂದು ಎಣಿಸಿ. ಹಲ್ಲುಚಕ್ರಗಳ ಆ ಲೆಕ್ಕವನ್ನು ಯಾವ ಫಲಕವೂ ಸುಳ್ಳು ಮಾಡಲಾರದು.

ಮತ್ತೊಬ್ಬರು ಹೇಳಬಹುದು: ತಿರುಗಿದರೆ ಸಾಕು, ಯಾವ ಮೋಟಾರಾದರೇನು? ಇದನ್ನು ನಾನು ಒಪ್ಪಲಾರೆ. 78ರ ಮೇಲೆ ನಾಲ್ಕೂವರೆ ಸುತ್ತು ಏರಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ ಏರುತ್ತದೆ. ಐದು ಮನೆಯಲ್ಲಿ ಹಾಡಿದವರು ಐದೂವರೆಯಲ್ಲಿ ಕೇಳಿಸುತ್ತಾರೆ, ಲಯವೂ ಓಡುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡಿಗೆ ಹಾಡಿದ, ಮೈಸೂರು ಅರಮನೆಯ ಗಾಯಕಿಯಾಗಿ 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಕಂಠ ಹೇಗಿತ್ತೆಂದು ತಿಳಿಯಲು ನಮಗೆ ಇರುವುದು ಆ ತಟ್ಟೆಗಳೇ. ಆ ಕಾಲದ ತಟ್ಟೆಗಳ ವೇಗ ಒಂದೇ ಸಮನಾಗಿರಲಿಲ್ಲ. ಹಿಡಿದ ವೇಗವನ್ನು ಬಿಡದ ಮೋಟಾರು ಇಲ್ಲದೆ ಅವರ ಶ್ರುತಿಯ ವಿಚಾರಣೆಯನ್ನೇ ಆರಂಭಿಸಲಾಗದು.

ಇನ್ನು ಟಾಕಿ ಯಂತ್ರ. ವೈಟಾಫೋನಿನಲ್ಲಿ ಪ್ರೊಜೆಕ್ಟರನ್ನೂ ತಟ್ಟೆಯನ್ನೂ ಓಡಿಸುತ್ತಿದ್ದುದು ಒಂದೇ ವಿದ್ಯುತ್ ಮೋಟಾರು. ಹಲ್ಲುಗಳ ನಡುಕ ಮುಳ್ಳಿಗೆ ತಾಗದಂತೆ ನಡುವೆ ಸ್ಪ್ರಿಂಗಿನ ಜೋಡಣೆ ಇರುತ್ತಿತ್ತು. ಹಾಗಾಗಿ ಕೀಲಿ ಕೊಡುವ ಒಂಟಿ ಮೋಟಾರನ್ನು ತೋರಿಸಿ ಇದು ವೈಟಾಫೋನಿನದೆಂದರೆ ನಂಬಬೇಡಿ. 1913ರ ಎಡಿಸನ್ ಕಿನೆಟೋಫೋನ್ ಹೀಗಿರಲಿಲ್ಲವಲ್ಲ, ಫೋನೋಗ್ರಾಫ್ ಪರದೆಯ ಬಳಿ, ಪ್ರೊಜೆಕ್ಟರ್ ಹಿಂದೆ ಇತ್ತಲ್ಲ ಎಂದರೆ, ಹೌದು. ಅವೆರಡನ್ನೂ ಉದ್ದನೆಯ ಹುರಿ ಜೋಡಿಸುತ್ತಿತ್ತು. ಆದ್ದರಿಂದ ಅಲ್ಲಿ ಹುಡುಕಬೇಕಾದದ್ದು ಹುರಿ ಓಡುವ ರಾಟೆ.

ಕೊನೆಯ ಆಕ್ಷೇಪ: ಕೂಡಿಸಿ ಕಟ್ಟಿದ ಯಂತ್ರದಲ್ಲಿ ಈ ನ್ಯಾಯ ಕೆಡುವುದಿಲ್ಲವೇ? ಧ್ವನಿ ಫಿಲ್ಮಿನ ಅಂಚಿಗೇ ಬಂದ ಮೇಲೆ ಚಿತ್ರಮಂದಿರಗಳು ತಟ್ಟೆಯನ್ನು ಕಳಚಿ ದೀಪ, ಸೀಳುಗಂಡಿ, ಫೋಟೋಸೆಲ್ ಇರುವ ಸೌಂಡ್‌ಹೆಡ್ ಕೂಡಿಸಿದವು. 1931ರ ‘ಆಲಂ ಆರಾ’ದ ಧ್ವನಿಯೂ ಫಿಲ್ಮಿನ ಮೇಲೇ ಇತ್ತು. ಇಂಥಲ್ಲಿ ನೆರವಿಗೆ ಬರುವುದು ಸ್ಥಾನ: ಕೆಲಸವಿಲ್ಲದೆ ಉಳಿದ ತೂತುಗಳು, ಏನನ್ನೂ ತಿರುಗಿಸದೆ ಚಾಚಿಕೊಂಡ ದಂಡ, ಅದರ ಮೇಲಿನ ಸವೆತ. ಅಂಥ ಯಂತ್ರ ನಕಲಿಯಲ್ಲ, ಎರಡು ಕಾಲ ದುಡಿದದ್ದು. ಆದರೆ ಹಲ್ಲುಪೆಟ್ಟಿಗೆಯೂ ಇಲ್ಲದೆ ಬರೀ ವಿದ್ಯುತ್ ಮೋಟಾರು ಸಿಕ್ಕರೆ ಸಿದ್ಧಾಂತ ಅಲ್ಲಿಗೆ ನಿಲ್ಲಬೇಕು. 60 ಸೈಕಲ್ ವಿದ್ಯುತ್ತಿಗೆ ನಾಲ್ಕು ಧ್ರುವದ ಸಿಂಕ್ರೊನಸ್ ಮೋಟಾರು 1800 ಸುತ್ತು ಸುತ್ತುತ್ತದೆ, ಅದು ಸಿನಿಮಾದ್ದಾಗಿರಲಿ ಕಾರ್ಖಾನೆಯದಾಗಿರಲಿ. ಚೀಟಿಯಲ್ಲಿ ಅಷ್ಟನ್ನೇ ಬರೆದು, ಅದರ ಹಲ್ಲುಪೆಟ್ಟಿಗೆಯನ್ನು ಹುಡುಕುತ್ತಿರಬೇಕು.