ತಟ್ಟೆಯಲ್ಲಿ ಕರುಣೆ ಇರಲಿ, ಮಡಿ ಬೇಡ



ಬೌದ್ಧರಾದ ಮೇಲೆ ಮಾಂಸ ಬಿಡಬೇಕೇ? ನಮ್ಮಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಈಚೆಗೆ ಕೆಲವು ಮನೆಗಳಲ್ಲಿ ಮಕ್ಕಳು ತಾವಾಗಿಯೇ ಬಿಡುತ್ತಿದ್ದಾರೆ. "ಇದೇನು, ನಮ್ಮ ಮನೆಗೂ ಬ್ರಾಹ್ಮಣ್ಯ ಬಂತೇ?" ಎಂದು ಹಿರಿಯರಿಗೆ ಬೇಸರ. ಅವರ ಬೇಸರಕ್ಕೆ ಕಾರಣವಿದೆ. ಏನು ತಿನ್ನುತ್ತೀರಿ ಎಂದು ಕೇಳಿ ಬಾಡಿಗೆ ಮನೆ ಕೊಡದ ಬೀದಿಗಳನ್ನು ನಾವೆಲ್ಲ ಕಂಡಿದ್ದೇವೆ. ಸಸ್ಯಾಹಾರ ಎಂಬ ಮಾತು ನಮ್ಮ ಕಿವಿಗೆ ಬಹುಪಾಲು ಬೈಗುಳದ ಧಾಟಿಯಲ್ಲೇ ಬಿದ್ದಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಇನ್ನೊಮ್ಮೆ ಓದಿ ನೋಡಿ. ಮದ್ಯ ಕುಡಿಯುವುದಿಲ್ಲ ಎಂಬುದಿದೆ. ಎಲ್ಲ ಜೀವಿಗಳಲ್ಲಿ ದಯೆ ಇಡುತ್ತೇನೆ ಎಂಬುದಿದೆ. ಮಾಂಸ ತಿನ್ನುವುದಿಲ್ಲ ಎಂಬುದು ಮಾತ್ರ ಇಲ್ಲ. ಅದು ಮರೆತು ಬಿಟ್ಟದ್ದಲ್ಲ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಅಹಿಂಸೆಯನ್ನು ನಿಯಮವೆಂದಲ್ಲ, ತತ್ವವೆಂದು ವಿವರಿಸುತ್ತಾರೆ. ಅಗತ್ಯಕ್ಕೆ ಕೊಲ್ಲುವುದು ಬೇರೆ, ಕೊಲ್ಲುವ ಇಚ್ಛೆಯಿಂದಲೇ ಕೊಲ್ಲುವುದು ಬೇರೆ. ನಿಯಮ ಕಟ್ಟಿಹಾಕುತ್ತದೆ, ತತ್ವ ಯೋಚಿಸುವ ಹೊಣೆಯನ್ನು ನಮಗೇ ಬಿಡುತ್ತದೆ. ಭಿಕ್ಖುಗಳಿಗೆ ಮಾಂಸ ನಿಷೇಧಿಸಿ ಎಂದು ದೇವದತ್ತ ಹಟ ಹಿಡಿದಾಗ ತಥಾಗತರು ಒಪ್ಪಲಿಲ್ಲ ಎಂಬುದೂ ನಿಮಗೆ ಗೊತ್ತಿರುವ ಕತೆಯೇ.

ಸುತ್ತನಿಪಾತದ ಆಮಗಂಧ ಸುತ್ತ ಇನ್ನೂ ನೇರವಾಗಿದೆ. ಸೊಪ್ಪು, ಗೆಡ್ಡೆ, ಕಾಡುಧಾನ್ಯವೇ ಪವಿತ್ರ ಊಟವೆಂದು ನಂಬಿದ ಬ್ರಾಹ್ಮಣನೊಬ್ಬ ಮಾಂಸಕ್ಕೆ ನಾತವಿದೆ ಎನ್ನುತ್ತಾನೆ. ಕೊಲೆ, ಕಳವು, ಸುಳ್ಳು, ವಂಚನೆ, ಅಹಂಕಾರ ಇವೇ ನಾತ, ಮಾಂಸದೂಟವಲ್ಲ ಎಂಬುದು ಅಲ್ಲಿ ಸಿಗುವ ಉತ್ತರ. ಈ ಸುತ್ತ ಓದುವಾಗ ಶಿಕ್ಷಕನಾದ ನನಗೆ ಬಿಸಿಯೂಟ ನೆನಪಾಗುತ್ತದೆ. ದಲಿತ ಹೆಣ್ಣುಮಗಳು ಅಡುಗೆ ಮಾಡಿದಳೆಂದು ಮಕ್ಕಳಿಗೆ ಊಟ ಬಿಡಿಸಿದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ್ದೇವಲ್ಲ? ಆ ತಟ್ಟೆಯಲ್ಲಿ ಇದ್ದದ್ದು ಅನ್ನ, ಬೇಳೆ ಸಾರು. ಪೂರ್ತಿ ಸಸ್ಯಾಹಾರ! ನಾತ ಎಲ್ಲಿತ್ತು?

ಹಾಗಾದರೆ ಮಾಂಸ ಬಿಟ್ಟ ಮಕ್ಕಳದು ತಪ್ಪೇ? ಖಂಡಿತ ಅಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಕರೆ ಕೊಟ್ಟರು. ಯಾರನ್ನೋ ಮೆಚ್ಚಿಸಲು ಅಲ್ಲ, ನಮ್ಮ ಸ್ವಾಭಿಮಾನಕ್ಕಾಗಿ. ಇಂದು ಒಬ್ಬ ಹುಡುಗಿ ಬ್ರಾಯ್ಲರ್ ಕೋಳಿಗಳನ್ನು ಲಾರಿಯಲ್ಲಿ ತುರುಕಿದ್ದು ನೋಡಿ ಸಂಕಟಪಟ್ಟು ಕೋಳಿ ಬಿಟ್ಟರೆ ಅದು ಮೊದಲನೆಯ ಶೀಲದ ಪಾಲನೆ. ಅದನ್ನು ಬ್ರಾಹ್ಮಣ್ಯ ಎಂದು ಹಂಗಿಸಬಾರದು. ಆದರೆ ಬಿಟ್ಟ ಮರುದಿನವೇ ಅವಳು ತಿನ್ನುವ ತಮ್ಮನನ್ನು ಕೀಳಾಗಿ ಕಂಡಳೋ, ಅದು ಮಡಿ. ಧಮ್ಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಹರಕೆ, ಬಲಿಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ. ದೀಕ್ಷೆ ಪಡೆದೂ ಮಾರಿಹಬ್ಬಕ್ಕೆ ಕುರಿ ಕಡಿಯುವುದು ಹಸಿವಿಗೂ ಅಲ್ಲ, ಅಗತ್ಯಕ್ಕೂ ಅಲ್ಲ.

ಇನ್ನು ಆರೋಗ್ಯ. ಮಾಂಸ ಬಿಟ್ಟು ಬಿಳಿ ಅನ್ನ, ತಿಳಿಸಾರು, ಬಜ್ಜಿ ತಿಂದರೆ ಸಿಗುವುದು ಸಕ್ಕರೆ ಕಾಯಿಲೆ. ನಮ್ಮ ಅಜ್ಜಿಯರ ಅಡುಗೆಗೇ ಮರಳಬೇಕು: ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ರಾಗಿ ಮುದ್ದೆ, ಹುರುಳಿ ಸಾರು, ನುಗ್ಗೆ ಸೊಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲಿಗಿಂತ ಎಷ್ಟೋ ಹೆಚ್ಚು. ಹುರುಳಿಯಲ್ಲಿ 20 ಗ್ರಾಂಗೂ ಮೇಲೆ ಪ್ರೋಟೀನ್. ಸೊಪ್ಪಿಗೆ ನಿಂಬೆ ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಚಹಾ ಬೇಡ. ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಬಿ12 ಮಾತ್ರ ಗಿಡಮೂಲದ ಊಟದಲ್ಲಿ ಸಿಗುವುದಿಲ್ಲ. ಹಾಲು ಮೊಟ್ಟೆಯನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ಆದರೆ ಬೆಳೆಯುವ ಮಕ್ಕಳ ತಟ್ಟೆಯಿಂದ ಏನನ್ನೂ ಕಿತ್ತುಕೊಳ್ಳಬೇಡಿ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. ಹಸಿದ ಮಗುವಿನ ಮೊಟ್ಟೆ ತಡೆಯುವ ಅಹಿಂಸೆ ಎಂಥದು?

ಕೊನೆಯದಾಗಿ ಊರಿಗೆ ಹೋಗುವವರಿಗೆ ಒಂದು ಮಾತು. ತನಗಾಗಿ ಕೊಂದದ್ದೆಂದು ಕಂಡ, ಕೇಳಿದ, ಅನುಮಾನಿಸಿದ ಮಾಂಸ ಭಿಕ್ಖುವಿಗೆ ಸಲ್ಲದು ಎಂದು ಜೀವಕ ಸುತ್ತ ಹೇಳುತ್ತದೆ. ನಾವು ಗೃಹಸ್ಥರು, ಆ ಕಟ್ಟು ನಮಗಿಲ್ಲ. ಆದರೂ ಬಸ್ಸು ಹತ್ತುವ ಮೊದಲೇ ಫೋನ್ ಮಾಡಿ, "ಅವ್ವಾ, ನನ್ನ ಸಲುವಾಗಿ ಕೋಳಿ ಕೊಯ್ಯಬ್ಯಾಡ, ಪುಂಡಿ ಪಲ್ಯ ಮಾಡು" ಎನ್ನಬಹುದಲ್ಲ? ನೀವು ಹೇಳುವಷ್ಟರಲ್ಲಿ ಅವ್ವ ಕೊಯ್ದು ಸಾರು ಮಾಡಿಟ್ಟಿದ್ದರೆ, ಮುಖ ಸಿಂಡರಿಸದೆ ಕೂತು ಉಣ್ಣಿ.

ಜೈ ಭೀಮ್.