ಕೈ ಪಳಗಿದರೆ ಕೂಲಿ ಇಳಿಯಬೇಕೇ?

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆದರೆ ಎಷ್ಟು ಕೆಸರಿಗೆ ಎಷ್ಟು ಮೊಸರು ಎಂಬುದನ್ನು ಗಾದೆ ಹೇಳುವುದಿಲ್ಲ. ಮನೆಯಲ್ಲೇ ಕೂತು ಆರ್ಡರಿನ ಮೇಲೆ ಕಸೂತಿ ಹಾಕಿಕೊಡುವ ನನ್ನಂಥವರಿಗೆ ಅದೇ ದೊಡ್ಡ ಪ್ರಶ್ನೆ.

ನಮ್ಮ ಧಾರವಾಡದ ಕಸೂತಿ ನಿಮಗೆ ಗೊತ್ತೇ ಇದೆ. ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಬೀಳಬಾರದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಒಬ್ಬರಿಗೆ ಗೋಪುರ ಬೇಕು, ಇನ್ನೊಬ್ಬರಿಗೆ ತೇರು. ಪ್ರತಿಸಲ ಬಾಯಿಗೆ ಬಂದ ಬೆಲೆ ಹೇಳುವುದು ಬೇಡವೆಂದು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯೊಂದನ್ನು ಮಾಡಿಕೊಂಡೆ. ಬಟ್ಟೆ, ದಾರ, ಗಂಟೆ, ಗಂಟೆಯ ದರ ಎಂದು ನಾಲ್ಕು ಕಾಲಂ. ಮೊದಲೆರಡರ ಲೆಕ್ಕ ಅಂಗಡಿಯ ಚೀಟಿಯಲ್ಲೇ ಇರುತ್ತದೆ. ತಕರಾರೆಲ್ಲ ಉಳಿದೆರಡರದು.

ಒಂದೇ ನಮೂನೆಯ 5 ರವಿಕೆಗೆ ಆರ್ಡರ್ ಬಂತೆನ್ನಿ. ಮೊದಲನೆಯದಕ್ಕೆ 10 ಗಂಟೆ ಹಿಡಿದರೆ, ಎಣಿಕೆ ಕೈಗೆ ಕೂತ ಮೇಲೆ ಐದನೆಯದು 7 ಗಂಟೆಗೆ ಮುಗಿದೀತು. ಗಂಟೆಗೆ 80 ರೂಪಾಯಿ ಎಂದಿಟ್ಟುಕೊಂಡರೆ 800ರ ಕೂಲಿ 560ಕ್ಕೆ ಇಳಿಯುತ್ತದೆ. ಇಳಿಯಲಿ. ಐದನ್ನೂ ಒಟ್ಟಿಗೆ ಕೊಟ್ಟದ್ದರಿಂದ ಉಳಿದ ಹೊತ್ತು ಅದು. ಅದರ ಲಾಭ ಕೊಟ್ಟವರಿಗೇ ಸಲ್ಲುವುದು ನ್ಯಾಯ.

ಆದರೆ ವರ್ಷಗಟ್ಟಲೆ ಕಣ್ಣು ಸವೆಸಿ ಗಳಿಸಿದ ಚುರುಕು ಯಾರದು? "ನಿಮಗೇನ್ರಿ ಅಕ್ಕಾರ, ಕಣ್ಣ ಮುಚ್ಚಿ ಹಾಕ್ತೀರಿ! ಒಂದೀಟು ಕಡಿಮಿ ಮಾಡ್ರಿ" ಎನ್ನುತ್ತಾರೆ. ಬರೀ ಗಂಟೆ ಎಣಿಸಿದರೆ ಅವರ ಮಾತೇ ಗೆಲ್ಲುತ್ತದೆ. ಪಳಗಿದವಳಿಗೆ ಕಡಿಮೆ, ತಡವರಿಸುವವಳಿಗೆ ಹೆಚ್ಚು! ಇದು ಯಾವ ನ್ಯಾಯ? ಕಲಿಯುವ ಕಾಲದಲ್ಲಿ ವ್ಯರ್ಥವಾದ ಬಟ್ಟೆಗಾಗಲಿ ಬಿಚ್ಚಿ ಹಾಕಿದ ಹೊಲಿಗೆಗಾಗಲಿ ಯಾವ ಗಿರಾಕಿಯೂ ದುಡ್ಡು ಕೊಟ್ಟಿಲ್ಲ. ಹಾಗಾಗಿ ಪಳಗಿದ ಕೈಯ ಗಂಟೆಗೆ ದರ ಹೆಚ್ಚಿರಬೇಕು.

ಇನ್ನು ನನ್ನ ಜೊತೆ ಕೂತು ಕಲಿಯುವ ಹುಡುಗಿಯ ಮಾತು. ನೇಗಿ ತುಂಬಲು ಅವಳಿಗೆ ನನ್ನ ಎರಡರಷ್ಟು ಹೊತ್ತು ಬೇಕು. ಆ ಹೊತ್ತನ್ನು ಗಿರಾಕಿಯ ಮೇಲೆ ಹೇರಲಾಗದು. ತುಂಡಿನ ಲೆಕ್ಕದಲ್ಲಿ ಕೊಟ್ಟರೆ ಅವಳ ಬಸ್ಸಿನ ಖರ್ಚೂ ಹುಟ್ಟದು. 1948ರ ಕನಿಷ್ಠ ವೇತನ ಕಾಯ್ದೆಯೇ ಈ ಸಂಕಟವನ್ನು ಅರಿತಿತ್ತು. ತುಂಡಿನ ಲೆಕ್ಕದಲ್ಲಿ ದುಡಿಯುವವರಿಗೂ ಇಷ್ಟು ಹೊತ್ತಿಗೆ ಇಷ್ಟು ಸಿಗಲೇಬೇಕೆಂದು ಗೊತ್ತುಮಾಡಲು ಅದರಲ್ಲಿ ಅವಕಾಶವಿತ್ತು. ನನ್ನ ಹಾಳೆಯಲ್ಲೂ ಅವಳ ದರ ಇಳಿಯುವಂತಿಲ್ಲ. ಇಳಿಸಲೇಬೇಕಾದರೆ ಅದು ನನ್ನ ಪಾಲಿನಿಂದ. ನಾಳೆ ಅವಳ ಕೈ ಚುರುಕಾದಾಗ ಅದರ ಲಾಭ ಉಣ್ಣುವವಳು ನಾನು ತಾನೇ?

ಇಂಥ ಹೊತ್ತಿನಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. 12ನೆಯ ಶತಮಾನದ ಆ ತಾಯಿ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳಂತೆ. ಹೆಂಗಸರಿಗೆ ಈ ಕತೆ ಹೇಳುವವರು 'ಹೆಚ್ಚು ಬೇಡಬೇಡ' ಎಂಬಷ್ಟಕ್ಕೇ ನಿಲ್ಲಿಸುತ್ತಾರೆ. ಅಂದಿನ ಪಾಲನ್ನೂ ಬಿಟ್ಟು ಬಾ ಎಂದು ಅವಳೇನೂ ಹೇಳಲಿಲ್ಲವಲ್ಲ!

ನಿಮ್ಮಲ್ಲೂ ಸೀರೆಗೆ ಕುಚ್ಚು ಕಟ್ಟುವವರು, ಹಪ್ಪಳ ಮಾಡಿ ಮಾರುವವರು ಇರುತ್ತೀರಿ. ಕಂಪ್ಯೂಟರ್ ಇಲ್ಲದಿದ್ದರೆ ಹಾಲಿನ ಲೆಕ್ಕದ ಪುಸ್ತಕವೇ ಸಾಕು. ಅದರಲ್ಲಿ ನಿಮ್ಮ ಹೆಸರಿಗೂ ಒಂದು ಸಾಲು ಬಿಡಿ. ರಿಯಾಯಿತಿ ಕೊಡುವುದು ಆಮೇಲಿನ ಮಾತು. ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ಮೊದಲು ನಿಮಗೆ ಗೊತ್ತಿರಲಿ.